ಆರು ಪಾಯಿಂಟ್ ಎರಡು

ಬಾಶೆಟ್ಟಿಹಳ್ಳಿಯ ಆ ಕಾರ್ಖಾನೆಯಲ್ಲಿ ಸುಟ್ಟ ಗಾಯಕ್ಕೆ ಕಟ್ಟುವ ಬಟ್ಟೆ ತಯಾರಾಗುತ್ತಿತ್ತು. ಅಲ್ಲಿನ ಲ್ಯಾಬಿನಲ್ಲಿ ಅರ್ಪಿತಳಿಗೆ ಅದು ಎರಡನೇ ವರ್ಷ. ಕ್ರಿಮಿಗಳು ಸಾಯಲೆಂದು ಬಟ್ಟೆಯನ್ನು ಹಬೆಯ ಕೋಣೆಯಲ್ಲಿ ಬೇಯಿಸುವಾಗ ಜೊತೆಗೆ ಹತ್ತು ಲಕ್ಷ ಬ್ಯಾಕ್ಟೀರಿಯಾ ಇರುವ ಒಂದು ಪಟ್ಟಿಯನ್ನೂ ಇಡುತ್ತಿದ್ದರು. ಆಮೇಲೆ ಎಷ್ಟು ಬದುಕಿವೆ ಎಂದು ಎಣಿಸಿ, ಎಷ್ಟು ಪಟ್ಟು ಇಳಿದಿದೆ ಎಂಬುದರ ಲಾಗ್ ತೆಗೆಯಬೇಕು. ಆಧಾರ ಹತ್ತು, ಅಂದರೆ ಎಷ್ಟು ಹತ್ತುಗಳನ್ನು ಗುಣಿಸಿದರೆ ಆ ಸಂಖ್ಯೆ ಬರುತ್ತದೆ ಎಂಬ ಲೆಕ್ಕ; ಉತ್ತರ ಆರು ಅಥವಾ ಹೆಚ್ಚು ಇದ್ದರೆ ಮಾತ್ರ ಪಾಸ್.

ಈ ಲೆಕ್ಕಕ್ಕೆ ಹಿಂದಿನ ವಾರವಷ್ಟೇ ಅರ್ಪಿತ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದಳು. ಗುಣಮಟ್ಟದ ಮ್ಯಾನೇಜರ್ ವೇಣುಗೋಪಾಲ್ ಎಲ್ಲರೆದುರು ಅವಳನ್ನು ಹೊಗಳಿದ್ದರು.

ಬುಧವಾರ ಬೆಳಿಗ್ಗೆ ನಾಲ್ಕನೇ ಬ್ಯಾಚಿಗೆ ಪ್ರೋಗ್ರಾಂ 6.2 ತೋರಿಸಿತು. ವೇಣುಗೋಪಾಲ್ ಸಹಿ ಹಾಕಿದರು. ಹನ್ನೆರಡಕ್ಕೆ ವ್ಯಾನು ತುಮಕೂರಿನ ಆಸ್ಪತ್ರೆಯೊಂದಕ್ಕೆ ಹೊರಟಿತು.

ಹನ್ನೆರಡೂವರೆಗೆ ಅರ್ಪಿತ ಆ ಬ್ಯಾಚಿನ ಅಂಕಿಗಳನ್ನು ರಿಜಿಸ್ಟರಿಗೆ ಕೈಯಿಂದ ಬರೆಯಲು ಕುಳಿತಳು. ಬದುಕಿದವು: ಎರಡು ಸಾವಿರ. ಲಾಗ್: 6.2. ಪೆನ್ನು ಅಲ್ಲೇ ನಿಂತಿತು. ಆರು ಎಂದರೆ ಹತ್ತು ಲಕ್ಷದಲ್ಲಿ ಒಂದೇ ಒಂದು ಉಳಿಯಬೇಕು. ಎರಡು ಸಾವಿರ ಉಳಿದರೆ ಆರು ಎಲ್ಲಿಂದ ಬಂತು?

ಪ್ರೋಗ್ರಾಂ ತೆರೆದಳು. ಲಾಗ್ ಎಂದು ಬರೆದಿದ್ದಳೇ ಹೊರತು ಆಧಾರ ಯಾವುದೆಂದು ಹೇಳಿರಲಿಲ್ಲ. ಹೇಳದಿದ್ದರೆ ಅದು ಹತ್ತನ್ನಲ್ಲ, 2.718 ಎಂಬ ಸಂಖ್ಯೆಯನ್ನು ಆಧಾರವಾಗಿ ಹಿಡಿಯುತ್ತದೆ. ಪಿಯುಸಿಯಲ್ಲಿ ಕಲಿತದ್ದು ನೆನಪಾಯಿತು: ಹತ್ತರ ಆಧಾರಕ್ಕೆ ತರಲು 2.303ರಿಂದ ಭಾಗಿಸಬೇಕು. ಭಾಗಿಸಿದಳು. 2.7. ಎದ್ದು ವೇಣುಗೋಪಾಲರ ಬಳಿಗೆ ಓಡಿದಳು.

ವೇಣುಗೋಪಾಲ್ ಮೊದಲು ನಂಬಲಿಲ್ಲ. ಹಿಂದಿನ ಮೂರು ಬ್ಯಾಚುಗಳೂ ಇದೇ ಪ್ರೋಗ್ರಾಂನಲ್ಲಿ ಪಾಸಾಗಿದ್ದವಲ್ಲ ಎಂದರು. ಅವಕ್ಕೆ 13.8 ಬಂದಿತ್ತು, ಹೆಚ್ಚು ಬಂದಿದೆಯೆಂದು ಯಾರೂ ಕೇಳಿರಲಿಲ್ಲ, ಅದನ್ನು ಭಾಗಿಸಿದರೆ ಸರಿಯಾಗಿ ಆರು ಬರುತ್ತದೆ, ಆ ಮಾಲು ಚೆನ್ನಾಗಿದೆ ಎಂದು ಅರ್ಪಿತ ವಿವರಿಸಿದಳು.

"ಇದು ಮಾತ್ರ ಕೆಟ್ಟಿದೆ ಸಾರ್. ಐನೂರು ಪಟ್ಟು ಇಳಿದಿದೆ ಅಷ್ಟೆ. ನೂರಕ್ಕೆ ಲಾಗ್ ಎರಡು, ಸಾವಿರಕ್ಕೆ ಮೂರು. ಐನೂರಕ್ಕೆ ಆರು ಹೆಂಗೆ ಬರುತ್ತೆ?"

ಅವರು ಕಾಗದದ ಮೇಲೆ ತಾವೇ ಒಮ್ಮೆ ಬರೆದು ನೋಡಿದರು. ವ್ಯಾನಿನ ಚಾಲಕ ಪಾಪಯ್ಯನಿಗೆ ಮೂರು ಸಲ ಫೋನ್ ಮಾಡಿದರು. ಓಡಿಸುವಾಗ ಅವನು ಫೋನ್ ಎತ್ತುವವನಲ್ಲ. ಅಷ್ಟು ಹೊತ್ತಿಗೆ ವ್ಯಾನು ನೆಲಮಂಗಲ ದಾಟಿರಬೇಕು.

ಉಳಿದಿದ್ದು ಆಸ್ಪತ್ರೆಗೆ ಹೇಳುವುದು. ಲೇಬಲ್ ತಪ್ಪಾಗಿದೆ ಎಂದರೆ ಸಾಕಲ್ಲವೇ ಎಂದು ವೇಣುಗೋಪಾಲ್ ತಗ್ಗಿದ ದನಿಯಲ್ಲಿ ಕೇಳಿದರು. ಸಹಿ ಅವರದು, ಹದಿನೆಂಟು ವರ್ಷದ ಸರ್ವಿಸ್ ಅವರದು. ಅರ್ಪಿತಳಿಗೆ ಅವರ ಮೇಲೆ ಕನಿಕರವೂ ಆಯಿತು, ಭಯವೂ ಆಯಿತು.

"ಲೇಬಲ್ ತಾನೇ ಅಂತ ಯಾರಾದ್ರೂ ಬಿಚ್ಚಿ ಕಟ್ಬಿಟ್ರೆ? ನಾನೇ ಮಾತಾಡ್ತೀನಿ ಸಾರ್. ತಪ್ಪು ನಂದು."

ಸುಟ್ಟ ಗಾಯದ ವಾರ್ಡಿನ ನರ್ಸ್ ಮಮತ ಫೋನ್ ತೆಗೆದುಕೊಂಡರು. ಅರ್ಪಿತ ತನ್ನ ಹೆಸರು ಹೇಳಿ, ಬಟ್ಟೆ ಸರಿಯಾಗಿ ಬೆಂದಿಲ್ಲ, ಲೆಕ್ಕದಲ್ಲಿ ತಾನು ಎಡವಿದ್ದೇನೆ, ಪೆಟ್ಟಿಗೆ ತೆರೆಯಬೇಡಿ ಎಂದಳು. ಮಮತ ವಾರ್ಡಿನ ಕಪಾಟು ತೆರೆದು ನೋಡಿ ಬಂದರು.

"ನಮ್ಮ ಹತ್ರ ಇರೋದು ಸಂಜೆವರೆಗೂ ಬರಲ್ಲಮ್ಮ. ಒಂದು ಮಗು ಇದೆ, ಐದು ಗಂಟೆಗೆ ಕಟ್ಟು ಬದಲಾಯಿಸ್ಬೇಕು."

ಮೂರನೇ ಬ್ಯಾಚಿನ ಆರು ಪೆಟ್ಟಿಗೆ ಗೋದಾಮಿನಲ್ಲಿದ್ದವು. ಅರ್ಪಿತ ಅದರ ಅಂಕಿಗಳನ್ನು ಕೈಯಲ್ಲಿ ಎರಡು ಸಲ ಲೆಕ್ಕ ಹಾಕಿದಳು. ವೇಣುಗೋಪಾಲ್ ಪೆಟ್ಟಿಗೆಗಳನ್ನು ತಮ್ಮ ಕಾರಿಗೆ ತುಂಬಿದರು. ಎರಡಕ್ಕೆ ಇಬ್ಬರೂ ಹೊರಟರು. ದಾಬಸ್‌ಪೇಟೆಯ ಬಳಿ ಲಾರಿಗಳ ಸಾಲು ಮುಕ್ಕಾಲು ಗಂಟೆ ಕದಲಲಿಲ್ಲ. ಅರ್ಪಿತ ಗಡಿಯಾರ ನೋಡುವುದನ್ನು ಬಿಟ್ಟು ಕಿಟಕಿಯಾಚೆ ನೋಡತೊಡಗಿದಳು.

ನಾಲ್ಕೂಮುಕ್ಕಾಲಿಗೆ ಆಸ್ಪತ್ರೆ ಮುಟ್ಟಿದರು. ನಾಲ್ಕನೇ ಬ್ಯಾಚಿನ ಪೆಟ್ಟಿಗೆಗಳು ಬಿಗಿದಂತೆಯೇ ಪಾಪಯ್ಯನ ವ್ಯಾನಿನಲ್ಲಿದ್ದವು. ಮಮತ ಇಳಿಸಲು ಬಿಟ್ಟಿರಲಿಲ್ಲ. ಕಾರಿನಲ್ಲಿ ತಂದ ಪೆಟ್ಟಿಗೆಯೊಂದನ್ನು ಅವರು ಅಲ್ಲೇ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಹಬೆಯ ಕೋಣೆಯ ಬಾಗಿಲಿನ ರಬ್ಬರ್ ಹರಿದಿರುವುದು ಸಿಕ್ಕಿತು; ಹಬೆ ಅಲ್ಲಿಂದಲೇ ಸೋರಿತ್ತು. ವರದಿಯಲ್ಲಿ ವೇಣುಗೋಪಾಲ್ ತಮ್ಮ ಹೆಸರನ್ನೇ ಮೊದಲು ಬರೆದರು. ಇಬ್ಬರಿಗೂ ಮೆಮೊ ಬಂತು. ಅರ್ಪಿತ ತನ್ನದಕ್ಕೆ ಸಹಿ ಮಾಡಿ ಕೊಟ್ಟು, ಬ್ಯಾಕ್ಟೀರಿಯಾ ಎಣಿಸುವ ತಟ್ಟೆಗಳ ಮುಂದೆ ಹೋಗಿ ಕುಳಿತಳು.