ಅವ್ವ ಒರಗುತ್ತಿದ್ದ ಗೋಡೆ

ನಾನು ಓದುತ್ತಿರುವುದು ಏನು ಎಂದು ಘಾಟಬೋರಾಳದ ನಮ್ಮ ಓಣಿಗೆ ತಿಳಿಸಿ ಹೇಳಲು ನಾಲ್ಕು ವರ್ಷದಲ್ಲಿ ನನ್ನ ಕೈಲಿ ಆಗಲಿಲ್ಲ. ಇಂಟೀರಿಯರ್ ಡಿಸೈನ್ ಪದವಿ ಎಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮನೆಯ ಒಳಗು ಹೇಗಿರಬೇಕು ಅಂತ ಕಲಿಸುತ್ತಾರೆ ಎಂದರೆ ಪಕ್ಕದ ಮನೆಯ ಸುಗಂಧಾ ಕಾಕಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

"ಸುಣ್ಣ ಹಚ್ಚಾಂವನ ಮಗಳು ಸುಣ್ಣ ಹಚ್ಚೋದು ಕಲಿಯಾಕ ಕಲಬುರಗಿಗೆ ಹೋಗ್ಯಾಳ ನೋಡ್ರಿ! ಯಾಕವ್ವ, ನಿಮ್ಮಪ್ಪ ಏನು ಕಡಿಮಿ ಮಾಸ್ತರ ಆಗಿದ್ದನೇನು?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಾಕಿಗೆ ಏನಾದರೂ ಅಂದೇ ಬಿಡುತ್ತಿದ್ದೆ. ಆದರೆ ಅವಳು ಹೇಳಿದ್ದು ಸುಳ್ಳೇನಲ್ಲ. ನನ್ನಪ್ಪ ಅಂಬಾದಾಸ ಸುಣ್ಣ ಬಣ್ಣದ ಕೆಲಸದವನು. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಬೀಗರಿಗಿಂತ ಮೊದಲು ಅಪ್ಪನಿಗೆ ತಿಳಿಯುತ್ತಿತ್ತು. ಗೋಡೆಯನ್ನು ಕಣ್ಣಿನಲ್ಲೇ ಅಳೆದು ಸುಣ್ಣ ನೆನೆಹಾಕುತ್ತಿದ್ದ. ಕೊನೆಯ ಗೋಡೆ ಮುಗಿಯುವ ಹೊತ್ತಿಗೆ ಬಕೆಟ್ಟು ಖಾಲಿ. ಉಳಿಯಿತು ಅನ್ನುವುದಿಲ್ಲ, ಸಾಲಲಿಲ್ಲ ಅನ್ನುವುದಿಲ್ಲ.

ನಮ್ಮದು ಎರಡು ಖೋಲಿಯ ಮನೆ. ಒಳಖೋಲಿಯ ಮೂಲೆಯಲ್ಲಿ ಒಲೆ. ಅವ್ವ ಮೀರಾಬಾಯಿ ದಿನವಿಡೀ ಕಂಡವರ ಹೊಲದಲ್ಲಿ ಬಗ್ಗಿ ದುಡಿದು ಬಂದು, ಸಂಜೆ ಒಲೆಗೂ ಅದರ ಹಿಂದಿನ ಗೋಡೆಗೂ ನಡುವೆ ಮಣೆ ಹಾಕಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೊನೆಯ ರೊಟ್ಟಿ ಬೆಂದ ಮೇಲೆ ಬೆನ್ನ ಹಿಂದಿನ ಗೋಡೆಗೆ ತಲೆಯಿಟ್ಟು ಒರಗುತ್ತಿದ್ದಳು. ನಾವು ಉಣ್ಣುವುದನ್ನು ಅಲ್ಲಿಂದಲೇ ನೋಡುತ್ತಿದ್ದಳು. ಇಪ್ಪತ್ತು ವರ್ಷ ಒಂದೇ ಜಾಗಕ್ಕೆ ಎಣ್ಣೆ ತಲೆ ತಾಗಿ ಅಲ್ಲಿ ಅಂಗೈ ಅಗಲದ ಒಂದು ಕಂದು ಕಲೆ ಕೂತಿತ್ತು. ಅಪ್ಪ ಪ್ರತಿ ವರ್ಷ ಸುಣ್ಣ ಹಚ್ಚುವನು, ಎರಡು ತಿಂಗಳಿಗೆ ಕಲೆ ಮತ್ತೆ ಮೇಲೆ ಬರುವುದು. "ನಿನ್ನ ತಲಿ ನನ್ನ ಸುಣ್ಣ ತಿಂತದ ನೋಡು" ಎಂದು ಅಪ್ಪ ಬೈದರೆ ಅವ್ವ ಇನ್ನಷ್ಟು ಒತ್ತಿ ಒರಗುತ್ತಿದ್ದಳು.

ನಾನು ಎರಡನೇ ವರ್ಷದಲ್ಲಿದ್ದಾಗ, ಜನವರಿಯಲ್ಲಿ, ಅವ್ವನಿಗೆ ಜ್ವರ ಬಂತು. ಐದೇ ದಿನ. ನಾನು ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ನಮ್ಮ ಮನೆಯಲ್ಲಿ ಒಂದು ವಿಚಿತ್ರವಾಯಿತು. ನಾನೂ ಅಪ್ಪನೂ ಮಾತಾಡುತ್ತಿದ್ದೆವು, ನಗುತ್ತಲೂ ಇದ್ದೆವು, ಆದರೆ ತೀರಿಹೋದ ಅವ್ವನ ಸುದ್ದಿ ಮಾತ್ರ ಇಬ್ಬರ ಬಾಯಿಂದಲೂ ಹೊರಗೆ ಬರುತ್ತಿರಲಿಲ್ಲ. ಒಬ್ಬರ ಮುಂದೆ ಒಬ್ಬರು ಅತ್ತುಬಿಟ್ಟರೆ ಹೇಗೆ ಎಂಬ ಹೆದರಿಕೆ ಇರಬೇಕು.

ಆ ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಗೆಂದು ಓಣಿಯ ಮನೆಗಳೆಲ್ಲ ಸುಣ್ಣ ಕಂಡವು. ನಾನು ರಜೆಗೆ ಬಂದಾಗ ನಮ್ಮ ಮನೆಯೂ ಬೆಳ್ಳಗಿತ್ತು, ಒಲೆಯ ಹಿಂದಿನ ಒಂದು ಮಾರು ಗೋಡೆಯನ್ನು ಬಿಟ್ಟು. ಕಾಲೇಜಿನಲ್ಲಿ ಆಗಷ್ಟೇ ದೊಡ್ಡ ದೊಡ್ಡ ಮನೆಗಳ ಚಿತ್ರ ನೋಡಿ ನನ್ನ ತಲೆ ತಿರುಗಿತ್ತು. "ಊರ ಮಂದಿ ಮನಿ ಎಲ್ಲಾ ಸಾಫ್ ಮಾಡ್ತಿ, ನಮ್ಮ ಮನ್ಯಾಗ ಹೊಲಸು ಹಾಂಗೇ ಬಿಟ್ಟಿಯಲ್ಲ ಅಪ್ಪಾ. ನನ್ನ ಗೆಳತ್ಯಾರು ಬಂದ್ರ ಏನಂತಾರ?" ಅಂದೆ. ಅಪ್ಪ ಬ್ರಶ್ಶು ತೊಳೆಯುತ್ತಿದ್ದ. ತಲೆ ಎತ್ತದೆ, "ಸುಣ್ಣ ಸಾಲಲಿಲ್ಲವ್ವ" ಅಂದ. ಮರುವರ್ಷವೂ ಅದೇ ಜಾಗ ಬಿಟ್ಟ, ಅದೇ ಮಾತು ಅಂದ. ನಾನು ಓದಿದವಳು; ನನಗೆ ಏನೂ ಹೊಳೆಯಲಿಲ್ಲ.

ನಾಲ್ಕನೇ ವರ್ಷ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕು. ಅದು ದಾಟಿದರೆ ಪದವಿ, ಇಲ್ಲವಾದರೆ ಇನ್ನೊಂದು ವರ್ಷ. ಗೆಳತಿಯರು ಹೋಟೆಲು, ಕೆಫೆ, ಒಡವೆ ಅಂಗಡಿ ಅಂತ ಹಿಡಿದರು. ನಾನೂ ಒಂದು ಬಟ್ಟೆ ಅಂಗಡಿ ಹಿಡಿದಿದ್ದೆ. ಒಂದು ದಿನ ನಮ್ಮ ನೂರೀನ್ ಮೇಡಂ ಅಡುಗೆ ಕಟ್ಟೆಯ ಎತ್ತರದ ಪಾಠ ಮಾಡುತ್ತಿದ್ದರು. ಪುಸ್ತಕದಲ್ಲಿ ಮೂವತ್ತನಾಲ್ಕು ಇಂಚು ಅಂತ ಇತ್ತು. ಅವರು ಪುಸ್ತಕ ಮುಚ್ಚಿ, "ಇದು ಯಾರ ಮೈ ಅಳತೆ? ನಿಮ್ಮ ತಾಯಂದಿರದ್ದಾ? ಮನೆಯಲ್ಲಿ ಇದ್ದವರ ಮೈ ಗೋಡೆ ಮೇಲೆ, ನೆಲದ ಮೇಲೆ ಗುರುತು ಬಿಟ್ಟಿರುತ್ತದೆ. ಹೋಗಿ ಅದನ್ನು ಅಳೀರಿ" ಅಂದರು.

ನನಗೆ ಕೂತಲ್ಲೇ ಕಣ್ಣು ತುಂಬಿದವು. ನಾನು ಹೊಲಸು ಅಂದಿದ್ದೆನಲ್ಲ, ಅದು ಅವ್ವನ ತಲೆಯಾಗಿತ್ತು. ಅವಳ ಕೂದಲಿನ ಎಣ್ಣೆ, ಅವಳ ದಣಿವು. ಅವಳದು ಅಂತ ಈ ಭೂಮಿಯ ಮೇಲೆ ಉಳಿದಿದ್ದೇ ಅದು. ಸೀರೆಗಳನ್ನು ಕೂಡ ಹಂಚಿಬಿಟ್ಟಿದ್ದೆವು.

ಬಟ್ಟೆ ಅಂಗಡಿ ಬಿಟ್ಟೆ. ಕೂತು ಅಡುಗೆ ಮಾಡುವ ಹೆಂಗಸರಿಗೆ ಒಂದು ಅಡುಗೆಮನೆ ಅಂತ ಪ್ರಾಜೆಕ್ಟ್ ಬರೆದೆ. ದೀಪಾವಳಿ ರಜೆಯಲ್ಲಿ ಅಪ್ಪ ಕೆಲಸಕ್ಕೆ ಹೋದಾಗ ಟೇಪು ಹಿಡಿದು ಆ ಕಲೆಯನ್ನು ಐದು ಸಲ ಅಳೆದೆ. ನೆಲದಿಂದ ಕಲೆಯ ನಡುವಿಗೆ ಇಪ್ಪತ್ತೇಳೂವರೆ ಇಂಚು. ಒರಗುವ ಹಲಗೆಯ ಎತ್ತರ, ಒಲೆಯ ದೂರ, ಹಿಟ್ಟಿನ ಡಬ್ಬಿಗೆ ಕೈ ಎಟಕುವ ಅಳತೆ, ಎಲ್ಲವನ್ನೂ ಆ ಒಂದು ಅಂಕಿಯಿಂದ ಎಳೆದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡೆ. ಅಪ್ಪನಿಗೆ ಒಂದಕ್ಷರ ಹೇಳಲಿಲ್ಲ.

ಏಪ್ರಿಲ್ ಮೊದಲ ವಾರ ಮೇಡಂ ಕರೆದು, ಹೊರಗಿನ ಪರೀಕ್ಷಕರು ಜಾಗಕ್ಕೇ ಬಂದು ಅಳತೆ ತಾಳೆ ನೋಡುತ್ತಾರೆ ಅಂದರು. ಹಿಂದಿನ ವರ್ಷ ಯಾರೋ ಮನೆ ನೋಡದೆ ಹಾಸ್ಟೆಲಿನಲ್ಲೇ ಕೂತು ಅಂಕಿ ಬರೆದಿದ್ದರಂತೆ. ನಾನು ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಬಸವಕಲ್ಯಾಣದಲ್ಲಿ ಒಂದು ಮದುವೆ ಮನೆಯ ಕೆಲಸದಲ್ಲಿದ್ದ.

"ಅಪ್ಪಾ, ಬುಧವಾರ ನಮ್ಮ ಪರೀಕ್ಷಾದವರು ಮನಿಗೆ ಬರಾಕತ್ತಾರ."

"ನಮ್ಮ ಮನಿಗೆ? ಯಾಕವ್ವ?"

"ನೋಡಾಕ. ಒಲಿ ಹಿಂದಿನ ಗ್ವಾಡಿ ಅದ ಅಲ್ಲ, ಅದೇ ನೋಡಾಕ ಬರ್ತಾರ. ಅದರ ಮ್ಯಾಲೇ ನನ್ನ ಪಾಸು ಫೇಲು."

ಅಲ್ಲಿ ಅವ್ವನ ತಲೆಯ ಗುರುತು ಅದ, ಅದನ್ನ ಮುಟ್ಟಬ್ಯಾಡ ಅನ್ನಬೇಕಿತ್ತು. ಅವ್ವನ ಸುದ್ದಿ ಎತ್ತದೆ ಅದನ್ನು ಹೇಳುವ ದಾರಿ ನನಗೆ ತೋಚಲಿಲ್ಲ. ಅಪ್ಪ "ಆ ಗ್ವಾಡಿನಾ? ಆಯ್ತವ್ವ. ನೀ ಚಿಂತಿ ಮಾಡಬ್ಯಾಡ" ಅಂದ.

ಮಂಗಳವಾರ ಸಂಜೆ ನಾನು ಮನೆ ಮುಟ್ಟಿದಾಗ ಬಾಗಿಲಲ್ಲೇ ಸುಣ್ಣದ ವಾಸನೆ ಬಂತು. ಬ್ಯಾಗು ಎಸೆದು ಒಳಗೆ ಓಡಿದೆ. ಗೋಡೆ ಬೆಳ್ಳಗಿತ್ತು. ಬರೀ ಸುಣ್ಣ ಬಳಿದ ಬಿಳುಪಲ್ಲ ಅದು. ಮೂಲೆಯಲ್ಲಿ ಸೋಡಾದ ಪಾಕೀಟು, ಕೆರೆಯುವ ಪಟ್ಟಿ, ಗೋಡೆಗೆ ಮೆತ್ತುವ ಪುಟ್ಟಿಯ ಡಬ್ಬಿ ಇದ್ದವು. ಎಣ್ಣೆಯ ಕಲೆ ಬರೀ ಸುಣ್ಣಕ್ಕೆ ಮುಚ್ಚುವುದಿಲ್ಲ ಅಂತ ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆರೆದು, ಸೋಡಾ ನೀರಿನಲ್ಲಿ ತೊಳೆದು, ಪುಟ್ಟಿ ತುಂಬಿ, ಉಜ್ಜಿ, ಎರಡು ಸಲ ಸುಣ್ಣ ಹೊಡೆದಿದ್ದ. ಇನ್ನು ಎಷ್ಟು ವರ್ಷವಾದರೂ ಅದು ಮೇಲೆ ಬರುವಂತಿರಲಿಲ್ಲ. ಬಸವಕಲ್ಯಾಣದ ಕೆಲಸಕ್ಕೆ ಎರಡು ದಿನ ರಜೆ ಹಾಕಿ ಬಂದಿದ್ದನಂತೆ.

"ಹ್ಯಾಂಗ ಆಗ್ಯಾದ ನೋಡು. ಸಾಹೇಬ್ರು ಬಂದು ಕೈ ಹಚ್ಚಿ ನೋಡ್ಲಿ, ಕನ್ನಡಿ ಇದ್ದಾಂಗ ಅದ" ಎಂದು ಅಪ್ಪ ಕೈ ಒರೆಸಿಕೊಳ್ಳುತ್ತ ಹಿಂದೆ ನಿಂತಿದ್ದ.

ನಾನು ಏನು ಕೂಗಿದೆ ಅಂತ ಎಲ್ಲ ನೆನಪಿಲ್ಲ. ಒಂದು ಮಾತು ಮಾತ್ರ ನೆನಪಿದೆ, ಅದನ್ನು ನಾನು ಮರೆಯುವಂತೆಯೂ ಇಲ್ಲ.

"ಅದು ಅವ್ವನ ತಲಿ ಇತ್ತಪ್ಪಾ! ಆಕಿ ಒಮ್ಮಿ ಸತ್ತಿದ್ದು ಸಾಲಲಿಲ್ಲೇನು ನಿನಗ?"

ಎರಡು ವರ್ಷದ ಮೇಲೆ ನಮ್ಮ ಮನೆಯಲ್ಲಿ ಅವ್ವನ ಸುದ್ದಿ ಬಂದದ್ದು ಹೀಗೆ. ಅಪ್ಪ ಬಕೆಟ್ಟು ಎತ್ತಿಕೊಂಡು ಹೊರಗೆ ಹೋದ. ಹೊರಗೆ ಅದನ್ನು ತೊಳೆಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನಾನು ಅವನನ್ನು ಊಟಕ್ಕೂ ಕರೆಯಲಿಲ್ಲ.

ಬುಧವಾರ ಹತ್ತು ಗಂಟೆಗೆ ಜೀಪು ಬಂತು. ನೂರೀನ್ ಮೇಡಂ, ಜೊತೆಗೆ ದೇವಿಂದ್ರಪ್ಪ ಸರ್ ಅಂತ ಪರೀಕ್ಷಕರು. ಓಣಿಯ ಮಂದಿಯೆಲ್ಲ ಬಾಗಿಲಲ್ಲಿ. ಒಳಗೆ ಬಂದವರೇ ಮೇಡಂ ಗೋಡೆ ನೋಡಿದರು, ನನ್ನ ಮುಖ ನೋಡಿದರು, ಅವರ ಮುಖ ಇಳಿಯಿತು. ನಾನು ಹಾಳೆಗಳನ್ನು ಹರಡಿ ಹೇಳತೊಡಗಿದೆ. ನನ್ನ ತಾಯಿ ಮೀರಾಬಾಯಿ ಇಲ್ಲಿ ಕೂರುತ್ತಿದ್ದಳು, ಇಲ್ಲಿ ಒರಗುತ್ತಿದ್ದಳು, ಇಪ್ಪತ್ತೇಳೂವರೆ ಇಂಚು, ಈ ಇಡೀ ಅಡುಗೆಮನೆ ಆ ಅಳತೆಯಿಂದ ಹುಟ್ಟಿದ್ದು. ಧ್ವನಿ ನಡುಗಿದಾಗ ಹಾಳೆ ತಿರುವುತ್ತಿದ್ದೆ. ಅಪ್ಪ ಹೊಸ್ತಿಲಾಚೆ ಕೈಕಟ್ಟಿ ನಿಂತು ಕೇಳುತ್ತಿದ್ದ. ನನ್ನ ಓದು ಏನು ಎಂದು ಅವನಿಗೆ ತಿಳಿದದ್ದು ಅವತ್ತೇ.

"ಗುರುತು ಎಲ್ಲಿದೆಯಮ್ಮಾ?" ಅಂದರು ದೇವಿಂದ್ರಪ್ಪ ಸರ್. ಫೋಟೊ ತೋರಿಸಿದೆ. "ಫೋಟೊದಲ್ಲಿ ಕಲೆ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ನಾನು ಬಂದಿರುವುದೇ ಅದನ್ನು ನೋಡಲು." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರು ಹೇಳಿದ್ದು ನ್ಯಾಯವೇ ಆಗಿತ್ತು.

ಅಪ್ಪ ಒಳಗೆ ಬಂದ. ತನ್ನ ಮನೆಯಲ್ಲೇ ಪರರ ಮನೆಗೆ ಬಂದವನಂತೆ ಚಪ್ಪಲಿ ಬದಿಗೆ ಬಿಟ್ಟು, ಬಗ್ಗಿ ಬಂದ.

"ತಪ್ಪು ನಂದದ ಸಾಹೇಬ್ರ. ನಾನೇ ತೊಳದೀನಿ. ಆಕಿ ನಂಬರ್ ಕಡಿಮಿ ಮಾಡಬ್ಯಾಡ್ರಿ. ಎಷ್ಟು ಎತ್ತರ ಇತ್ತಂತ ನಾ ತೋರಸ್ತೀನ್ರಿ."

ಎಂದವನೇ ತಾನು ಉಣ್ಣಲು ಕೂರುವ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಎದುರಿನ ಬಿಳಿ ಗೋಡೆಯನ್ನು ನೋಡಿದ. ಎದ್ದು ಹೋಗಿ ಒಂದು ಕಡೆ ಹೆಬ್ಬೆರಳು ಒತ್ತಿ ಹಿಡಿದ. "ಇಲ್ಲಿ ನೋಡ್ರಿ. ಇದು ತಲಿ."

ಸರ್ ತಾವೇ ಟೇಪು ಬಿಟ್ಟರು. ಇಪ್ಪತ್ತೇಳೂವರೆ ಇಂಚು.

"ಇಷ್ಟು ಬರೋಬರ್ ಹ್ಯಾಂಗ ಗೊತ್ತು ನಿಮಗೆ?"

"ಎರಡು ವರ್ಷ ಆತ್ರಿ, ದಿನಾ ಇದರ ಎದುರಿಗೇ ಕುಂತು ಉಣ್ಣಾಕತ್ತೀನಿ." ಅಪ್ಪ ಹೆಬ್ಬೆರಳು ತೆಗೆದು, ಇನ್ನೂ ಕೆಳಗೆ, ಬಲಕ್ಕೆ ಅಂಗೈ ಇಟ್ಟ. "ಇಲ್ಲಿ ಕೈ. ಮೊಣಕಾಲ ನೋವಿತ್ರಿ ಆಕಿಗಿ, ಇಲ್ಲಿ ಕೈ ಊರಿ ಏಳತಿದ್ಳು. ಐದೂ ಬೆಳ್ಳು ಕಾಣ್ತಿದ್ವು. ಉಂಗುರದ ಬೆಳ್ಳು ಸ್ವಲ್ಪ ಸೊಟ್ಟ."

ನಾನು ಗೋಡೆಯನ್ನು ಐದು ಸಲ ಅಳೆದಿದ್ದೆ. ಆ ಕೈ ನನ್ನ ಯಾವ ಹಾಳೆಯಲ್ಲೂ ಇರಲಿಲ್ಲ, ಫೋಟೊದಲ್ಲೂ ಇರಲಿಲ್ಲ. ನನಗೆ ಅದು ಕಂಡೇ ಇರಲಿಲ್ಲ.

ಮೇಡಂ ಮುಖ ಆಚೆ ತಿರುಗಿಸಿಕೊಂಡರು. ಸರ್ ಪುಸ್ತಕದಲ್ಲಿ ಏನೋ ಬರೆದುಕೊಂಡು, ಏಳಲು ಕೈ ಊರುವ ಒಂದು ಹಿಡಿಕೆಯನ್ನು ಡ್ರಾಯಿಂಗಿನಲ್ಲಿ ಸೇರಿಸಿ ಕೊಡು, ಅಳತೆ ತಾಳೆಯಾಯಿತು ಅಂತ ಬರೆಯುತ್ತೇನೆ ಅಂದರು. ಅಂದರೆ ನಾನು ದಾಟಿದೆ. ಜೀಪು ಹೋಯಿತು. ಸುಗಂಧಾ ಕಾಕಿ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅಪ್ಪ ಒಲೆಯ ಪಕ್ಕದಲ್ಲೇ ಕೂತಿದ್ದ. ನಾನು ಎದುರಿಗೆ ಕೂತೆ.

"ನಿನಗೂ ಅದು ಬೇಕಾಗಿತ್ತು. ಎರಡು ವರ್ಷ ಸುಣ್ಣ ತಾಗಿಸಲಿಲ್ಲ ನೀ. ಈಗ ಯಾಕ ತೊಳದಿ ಅಪ್ಪಾ?"

"ತೊಳಿಯಾಕ ಕೈ ಬರಲಿಲ್ಲವ್ವ. ಮೂರು ಸಲ ಪಟ್ಟಿ ಕೆಳಗಿಟ್ಟು ಹೊರಗ ಹೋದೆ." ಅಪ್ಪ ಉಗುರಿನ ಸಂದಿಯ ಸುಣ್ಣ ಕೆರೆಯುತ್ತ ಹೇಳಿದ. "ಆದ್ರ ನಿನ್ನ ಓದಿನ ಮಾತದು. ನೋಡಾಕ ಮಂದಿ ಬರಾಕತ್ತಾರ ಅಂದಿ. ಅವ್ವ ಇದ್ದಿದ್ರ ಆಕಿನೇ ತೊಳೀತಿದ್ಳು, ಒಂದು ಮಾತು ಕೇಳತಿದ್ದಿಲ್ಲ."

ಅದು ಖರೆ. ಅವ್ವನೇ ತೊಳೆಯುತ್ತಿದ್ದಳು, ಸೆರಗು ಸಿಕ್ಕಿಸಿಕೊಂಡು, ತನ್ನದೇ ತಲೆಯ ಗುರುತನ್ನು, ನನಗೆ ನಾಚಿಕೆ ಆಗಬಾರದೆಂದು. ನನ್ನ ಓದಿಗಾಗಿ ಅವರಿಬ್ಬರೂ ಹೀಗೆ ತಮ್ಮ ಗುರುತನ್ನು ತಾವೇ ಅಳಿಸಿಕೊಳ್ಳುವವರೇ ಎಂದು ನನಗೆ ಆಗ ತಿಳಿಯಿತು. ನಾನು ಅಪ್ಪನ ಮೊಣಕಾಲಿಗೆ ತಲೆಯಿಟ್ಟು, ಎರಡು ವರ್ಷದ್ದನ್ನೆಲ್ಲ ಸೇರಿಸಿ ಅತ್ತೆ. ಅಪ್ಪ ತಡೆಯಲಿಲ್ಲ, ಅವನೂ ಅಳುತ್ತಿದ್ದ.