ಒಂದು ಮುಳುಗಿನಷ್ಟು ಮೌನ

ಕಣ್ಣು ಮುಚ್ಚಿದರು, ಹಮಾಗುಚಿ ಅಧ್ಯಕ್ಷರು ಕಣ್ಣು ಮುಚ್ಚಿಯೇಬಿಟ್ಟರು, ನಾನಿನ್ನೂ ಎರಡನೇ ಹಾಳೆಯಲ್ಲಿದ್ದೇನೆ, ಮುಂದಿನ ಸಾಲಿನ ಗಂಡಸರೂ ಕೈಕಟ್ಟಿಕೊಂಡು ಒಬ್ಬೊಬ್ಬರಾಗಿ ರೆಪ್ಪೆ ಇಳಿಸುತ್ತಿದ್ದಾರೆ, ನಮ್ಮ ಮೀನುಗಾರರ ಸಂಘದಲ್ಲಿ ಹಿರಿಯರು ಗಮನವಿಟ್ಟು ಕೇಳುವುದೂ ಹೀಗೆಯೇ, ನಿದ್ದೆ ಹೊಡೆಯುವುದೂ ಹೀಗೆಯೇ, ಯಾವುದೆಂದು ಕೇಳುವ ಧೈರ್ಯ ಯಾರಿಗಿದೆ — ಸನ್ಮಾನ್ಯರೇ, ಉತ್ತರದ ಬಂಡೆಯಲ್ಲಿ ಆವಾಬಿ ಚಿಪ್ಪುಮೀನಿನ ಪ್ರಮಾಣ ಗಣನೀಯವಾಗಿ ಕುಸಿದಿರುತ್ತದೆ, ಆದಕಾರಣ ಎರಡು ವರ್ಷ ಅಲ್ಲಿ ಮುಳುಗುವುದನ್ನು ನಿಲ್ಲಿಸತಕ್ಕದ್ದು — ಇದು ನನ್ನ ಬಾಯೇ ಏನು, ಮೂವತ್ತು ವರ್ಷ ಆ ಬಂಡೆಗೆ ಮುಳುಗಿ ಚಿಪ್ಪು ಕಿತ್ತವಳ ಬಾಯೇ, ನಿನ್ನೆ ನಾವು ಮುಳುಗುವ ಹೆಂಗಸರು ಬೆಂಕಿ ಹಾಕಿ ಕೂರುವ ಗುಡಿಸಲಲ್ಲಿ ಮೈ ಕಾಯಿಸಿಕೊಳ್ಳುತ್ತಾ ಓದಿ ತೋರಿಸಿದಾಗ ಮಿಸಾಯೊ ಅಜ್ಜಿ ಕೆಂಡದಲ್ಲಿ ಸುಟ್ಟ ಮೋಚಿ ಅಕ್ಕಿಕಡುಬು ಅಗಿಯುವುದನ್ನೇ ನಿಲ್ಲಿಸಿದಳು, ಇದೇನೇ ಸಾವಾ, ದೋಣಿ ಕಟ್ಟೆಯ ಮೈಕು ನುಂಗಿದ್ಯಾ, ಅಜ್ಜೀ, ಸಂಘದ ಸಭೆ ಅದು, ಮರ್ಯಾದೆಯಾಗಿ ಮಾತಾಡ್ಬೇಕಲ್ವಾ ಎಂದೆ, ಮರ್ಯಾದೆ ಬಗ್ಗಿಸಿದ ಸೊಂಟದಲ್ಲಿರ್ಲಿ, ಗಂಟಲಿಗ್ಯಾಕೆ ಕಟ್ತೀಯ, ನೀರಿಗಿಳಿಯೋವಾಗ ಜೋರಾಗಿ ಕಾಲು ಒದೀತೀಯ, ತಳದಲ್ಲಿ ಮೆಲ್ಲಗೆ ತಡಕಾಡ್ತೀಯ, ಮಾತಾಡೋಕೆ ನಿಂತ್ರೆ ಮಾತ್ರ ಹಲಗೆ ಥರ ತೇಲ್ತೀಯಲ್ಲೇ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಕ್ಕು ಮನೆಗೆ ಬಂದು ಅದೇ ಹಾಳೆಯನ್ನು ಅದೇ ದನಿಯಲ್ಲಿ ಹನ್ನೊಂದು ಸಲ ಓದಿದೆ, ಪೆದ್ದಿ.

ಈ ಹಮಾಗುಚಿಯವರ ಕೈ ಎದ್ದರೆ ಉಳಿದ ಕೈಗಳೂ ಏಳುತ್ತವೆ, ಏಳದಿದ್ದರೆ ಬರುವ ಬೇಸಿಗೆಗೆ ಬಂಡೆ ಬೋಳು, ಆ ಕೈ ಈಗ ಮೊಣಕಾಲ ಮೇಲೆ ಸತ್ತ ಮೀನಿನಂತೆ ಬಿದ್ದಿದೆ — ಹಾಳೆ ಮಗುಚಿ ಹಾಕಿದೆ, ಮೊನ್ನೆ ಹದಿನೆಂಟು ಸಲ ಮುಳುಗ್ದೆ ಹಮಾಗುಚಿಯವ್ರೇ, ಅರೆ, ನನ್ನದೇ ದನಿ, ಗುಡಿಸಲಿನ ದನಿ, ಹದಿನೆಂಟು ಸಲಕ್ಕೆ ಸಿಕ್ಕಿದ್ದು ಒಂದು, ಅದೂ ಅಂಗೈಗಿಂತ ಚಿಕ್ಕದು, ವಾಪಸ್ ಇಟ್ಟು ಬಂದೆ, ಹಿಂದಿನಿಂದ ಯಾರೋ ಒಂದೇನಾ ಎಂದರು, ಒಂದೇ ಎಂದೆ ಮೆಲ್ಲಗೆ, ಇನ್ನೂ ಮೆಲ್ಲಗೆ, ಕುರ್ಚಿಗಳು ಮುಂದಕ್ಕೆ ಸರಿದವು, ಆಹಾ, ದನಿ ಇಳಿಸಿದರೆ ಜನ ಹತ್ತಿರ ಬರುತ್ತಾರೆ, ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ, ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಈಗ ನಾನು ಮುಳುಗ್ತೀನಿ, ಮೇಲೆ ಬರೋವರ್ಗೂ ನೀವೂ ಉಸಿರು ಬಿಡ್ಬೇಡಿ, ಅಲ್ಲಿ ಏನಿಲ್ಲ ಅಂತ ನೀವೇ ನೋಡಿ — ಉಸಿರೆಳೆದು ಬಾಯಿ ಮುಚ್ಚಿದೆ.

ಹತ್ತು, ಹದಿನೈದು, ಗೋಡೆ ಗಡಿಯಾರ ಕೇಳಿಸುತ್ತಿದೆ, ಕಾರ್ಯದರ್ಶಿ ಒಕುನೊ ನನಗೆ ಮಾತು ಮರೆತೇಹೋಯಿತೆಂದುಕೊಂಡು ಹಾಳೆ ತಳ್ಳುತ್ತಾನೆ, ಮೂರನೇ ಪುಟ ಅಕ್ಕಾ, ಮೂರನೇ ಪುಟ, ಪಾಪ, ಇಪ್ಪತ್ತೈದು, ಯಾರೋ ಪುಸ್ಸೆಂದು ಸೋತರು, ಮೂವತ್ತು, ಹಮಾಗುಚಿಯವರ ಕಣ್ಣು ಮುಚ್ಚಿಯೇ ಇದೆ ಆದರೆ ಕೆನ್ನೆ ಬಿಗಿದಿದೆ, ಕತ್ತಿನ ನರ ಉಬ್ಬಿದೆ, ನಿದ್ದೆಯಲ್ಲ, ನಿದ್ದೆಯಲ್ಲ, ಆ ಕೈ ಮೊಣಕಾಲ ಮೇಲೆ ಮಡಿಚಿಕೊಂಡಿದೆ, ಏನನ್ನೋ ಹಿಡಿದಂತೆ, ಹಗ್ಗ, ಇವರು ದೋಣಿಯಲ್ಲಿ ಕೂತು ಹೆಂಡತಿ ಚಿಯೊನೊ ಮುಳುಗಿದಾಗ ಅವಳ ಸೊಂಟದ ಹಗ್ಗ ಹಿಡಿಯುತ್ತಿದ್ದವರಲ್ಲವೇ, ಅವಳು ಮೇಲೆ ಬರುವವರೆಗೆ ತಾವೂ ಉಸಿರು ಬಿಡುತ್ತಿರಲಿಲ್ಲವಂತೆ, ಅವಳು ತೀರಿಹೋಗಿ ಮೂರು ಚಳಿಗಾಲವಾಯಿತು, ನಲವತ್ತೈದು, ಐವತ್ತು, ಸಾಕು, ಮೇಲೆ ಬಂದೆ, ಉಸಿರು ಸಿಳ್ಳೆಯಾಗಿ ಹೊರಬಂತು, ಕೋಣೆಯೆಲ್ಲ ಉಸಿರು ಬಿಟ್ಟಿತು, ಬರಿಗೈ ಎಂದೆ, ಅವರೊಬ್ಬರು ಮಾತ್ರ ಇನ್ನೂ ಬಿಟ್ಟಿಲ್ಲ, ಕೈ ಏಳುತ್ತಿದೆ, ಅಧ್ಯಕ್ಷರೇ, ಮತ ಇನ್ನೂ ಕೇಳಿಲ್ಲ ಎಂದು ಒಕುನೊ ಪಿಸುಗುಟ್ಟಿದ, ಕೈ ಇಳಿಯಲಿಲ್ಲ, ಕಣ್ಣು ತೆರೆಯಲಿಲ್ಲ, ಹಿಂದೆ ಒಂದೊಂದೇ ಕೈ, ನಾನು ಎಣಿಸುತ್ತಿಲ್ಲ, ಆ ಕೈಯನ್ನೇ ನೋಡುತ್ತಿದ್ದೇನೆ, ಮೇಲೆತ್ತಿದ ಆ ಕೈ, ಬೆರಳು ಇನ್ನೂ ಮಡಿಚಿಯೇ ಇರುವ ಆ ಕೈ —