ದವಡೆಯೊಳಗೆ ಏನೋ ಸಾಕಿದ್ದಾನೆ

ಹೆಣ್ಣು ಕೇಳಲು ಬಂದ ಗಂಡು ಸಾರಿನಲ್ಲಿದ್ದ ಆಡಿನ ಮಾಂಸ ಮುಟ್ಟದೆ ಕೈ ತೊಳೆದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಅನಾನೆ ಬಂದಾಗಲೆಲ್ಲ ಅದನ್ನೇ ಮಾಡಿದ. ಮುದ್ದೆಯಂಥ ಫುಫು ಮುರಿದು ಸಾರಿನಲ್ಲಿ ಅದ್ದಿ ಗುಳುಂ ಎಂದು ನುಂಗುತ್ತಿದ್ದ. ಅದು ಸರಿ, ಫುಫುವನ್ನು ಯಾರೂ ಅಗಿಯುವುದಿಲ್ಲ. ಆದರೆ ಮಾಂಸದ ತುಂಡುಗಳನ್ನು ಮಾತ್ರ ಬಟ್ಟಲಿನ ಅಂಚಿಗೆ ಸರಿಸಿ, ಮದುವೆಗೆ ಬಂದ ನೆಂಟರ ಹಾಗೆ ಸಾಲಾಗಿ ಕೂರಿಸಿ, ಹೊಟ್ಟೆ ತುಂಬಿತು ಎನ್ನುತ್ತಿದ್ದ. ಲಾರಿಯ ಗೇರ್‌ಬಾಕ್ಸನ್ನು ಒಬ್ಬನೇ ಎತ್ತಿಡುವ ಆಸಾಮಿ, ಮಾಂಸ ಬೇಡವಂತೆ.

ಅದರ ಮೇಲೆ ಎಡಗೆನ್ನೆ ಸ್ವಲ್ಪ ಊದಿಕೊಂಡ ಹಾಗಿತ್ತು. ಮಾತಾಡುವಾಗ ಅಲ್ಲಿ ಕರ್ಚೀಫು. ನಗುವಾಗ ಬಾಯಿ ಬಂದ್.

ನನ್ನಕ್ಕ ಬಿರಾಗೊಗೆ ಇದೇನೂ ಕಾಣುತ್ತಿರಲಿಲ್ಲ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಅವನ ಹೆಸರನ್ನೇ ಗುನುಗುತ್ತಿದ್ದಳು. ಅನಾನೆಯ ಮನೆಯವರು ಬಂದು ಬಾಗಿಲು ತಟ್ಟುವ ಶಾಸ್ತ್ರಕ್ಕೆ ಎರಡು ಬಾಟಲಿ ಮದ್ಯ ಇಟ್ಟು ಹೋಗಿದ್ದರು. ಉತ್ತರ ಕೊಡಬೇಕಾದವರು ವೋಫಾ ಜೋಮೊ, ನಮ್ಮಮ್ಮನ ಅಣ್ಣ. ವೋಫಾ ಅಂದರೆ ಸೋದರಮಾವ, ನಮ್ಮ ಕಡೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಅವರು ಆ ಬಾಟಲಿ ತೆರೆದರೆ ಮದುವೆ, ವಾಪಸು ಕಳಿಸಿದರೆ ಮುಗಿಯಿತು. ಹಿಂದೊಮ್ಮೆ ಅಕ್ಕನಿಗೆ ಬಂದಿದ್ದ ಬಾಟಲಿಗಳು ಹಾಗೆ ವಾಪಸು ಹೋಗಿದ್ದವು. ಆ ಗಂಡಿನ ಚಿಕ್ಕಪ್ಪನಿಗೆ ಮೂರ್ಛೆ ಬರುತ್ತಿತ್ತಂತೆ. ಅಷ್ಟೇ ಕಾರಣ.

ಬಾಟಲಿ ಬಂದ ಮೇಲೆ, ಉತ್ತರ ಕೊಡುವ ಮೊದಲು, ಗುಟ್ಟಾಗಿ ಗಂಡಿನ ಬಗ್ಗೆ ವಿಚಾರಿಸುವುದು ಪದ್ಧತಿ. ವೋಫಾ ಆ ಕೆಲಸಕ್ಕೆ ನನ್ನನ್ನು ಆರಿಸಿದರು. ಸುಳ್ಳು ಹೇಳುವುದರಲ್ಲಿ ನಿನ್ನಷ್ಟು ಪಳಗಿದವನು ವಂಶದಲ್ಲಿ ಇನ್ನೊಬ್ಬನಿಲ್ಲ ಎಂದರು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

"ಮೂರು ವಿಷ್ಯ ನೋಡ್ಕೊಂಡ್ ಬಾ ಕ್ವಾಕು. ಕಳ್ಳತನ, ಹುಚ್ಚು, ಕೆಟ್ಟ ಕಾಯಿಲೆ. ನಾಲ್ಕನೇದನ್ನ ನಾನು ಬಾಯ್ಬಿಟ್ಟು ಹೇಳಲ್ಲ."

ಹೇಳಬೇಕಾಗಿಯೂ ಇರಲಿಲ್ಲ. ನಮ್ಮೂರು ಕುಮಾಸಿಯಲ್ಲಿ ಸಿನಿಮಾ ನೋಡಿದವರಿಗೆಲ್ಲ ನಾಲ್ಕನೆಯದು ಗೊತ್ತು. ಭಾಗ ಒಂದರಲ್ಲಿ ಹೀರೋ ಬಡವ. ಭಾಗ ಎರಡರಲ್ಲಿ ದೊಡ್ಡ ಕಾರು. ಭಾಗ ಮೂರರಲ್ಲಿ ಹೆಂಡತಿ ಬೀಗ ಹಾಕಿದ ಕೋಣೆ ತೆರೆಯುತ್ತಾಳೆ, ಒಳಗೆ ಹಾವು. ಅದಕ್ಕೆ ಹೊತ್ತು ಹೊತ್ತಿಗೆ ಉಣಿಸಿದರೆ ದುಡ್ಡು ಕಕ್ಕುತ್ತದೆ, ಒಂದು ಹೊತ್ತು ತಪ್ಪಿದರೆ ಹೆಂಡತಿಯನ್ನೇ ಕೇಳುತ್ತದೆ. ಅನಾನೆ ಮೊನ್ನೆ ಮೊನ್ನೆ ತಾನೇ ತನ್ನ ಗ್ಯಾರೇಜಿನ ಪಕ್ಕದ ಎರಡು ಶೆಡ್ಡುಗಳನ್ನೂ ಬಾಡಿಗೆಗೆ ಹಿಡಿದುಕೊಂಡಿದ್ದ. ಭಾಗ ಎರಡು ಶುರುವಾಗಿದೆ ಎಂದು ನನಗೆ ಅನ್ನಿಸಿತು.

ಹೊರಡುವಾಗ ಅಕ್ಕ ಕತ್ತರಿ ತೋರಿಸಿದಳು. "ಏನಾದ್ರೂ ಕೋತಿಚೇಷ್ಟೆ ಮಾಡಿ ಇದನ್ನ ಕೆಡಿಸ್ದೆ ಅಂದ್ರೆ, ನಿನ್ ಪ್ಯಾಂಟ್‌ಗಳ ಕಾಲು ಹೊಲ್ದು ಮುಚ್ಬಿಡ್ತೀನಿ."

ನನ್ನ ಬೈಕಿನ ಕ್ಲಚ್ ತಂತಿಯನ್ನು ನಾನೇ ಸಡಿಲ ಮಾಡಿ ಸುವಾಮೆಯಲ್ಲಿದ್ದ ಅವನ ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. "ಬೈಕ್ ನಿಂತಿರಬಹುದು ಅಣ್ಣ, ಸವಾರ ಇನ್ನೂ ನಿಂತಿಲ್ಲ" ಎಂದೆ, ಸಿನಿಮಾ ಹೀರೋ ಹಾಗೆ ಕತ್ತು ವಾರೆ ಮಾಡಿ. ಅನಾನೆ ಬಾಯಿ ಮುಚ್ಚಿಕೊಂಡೇ ನಕ್ಕ. ಬಾಯಿ ಮುಚ್ಚಿ ನಗುವವನನ್ನು ಯಾವ ಸಿನಿಮಾದಲ್ಲೂ ಹೀರೋ ಮಾಡಿದ್ದಿಲ್ಲ.

ಸುಟ್ಟ ಬಾಳೆಕಾಯಿ, ಹುರಿದ ಕಡಲೆಕಾಯಿ ತಂದಿದ್ದೆ. ಬಾಳೆಕಾಯಿಯ ಮೆತ್ತಗಿನ ಭಾಗವನ್ನಷ್ಟೇ ಬಲಗಡೆಯಿಂದ ತಿಂದ. ಕಡಲೆಕಾಯಿ ಬೇಡವೆಂದ. ನಾನು ಒತ್ತಾಯ ಮಾಡಿದೆ, ಒಂದೇ ಒಂದು ಎಂದೆ. ಅವನು ಅದನ್ನು ಜೇಬಿಗೆ ಹಾಕಿಕೊಂಡ. ಕಡಲೆಬೀಜವನ್ನು ಜೇಬಿಗೆ ಹಾಕಿಕೊಳ್ಳುವ ಮನುಷ್ಯನಲ್ಲಿ ಏನೋ ಮರ್ಮ ಇದ್ದೇ ಇರುತ್ತದೆ.

ತಿಂದಾದ ಮೇಲೆ ಫ್ಲಾಸ್ಕ್ ಹಿಡಿದು ಹಿಂದಿನ ತಗಡಿನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ನಾನು ಬೆಕ್ಕಿನ ಹಾಗೆ ಹಿಂದೆ ಹೋದೆ. ತುಕ್ಕು ಹಿಡಿದ ತಗಡು, ತೂತಿಗೆ ಬರವಿರಲಿಲ್ಲ. ಕಣ್ಣಿಟ್ಟೆ.

ಕನ್ನಡಿಯ ಮುಂದೆ ನಿಂತು ಅವನು ತುಟಿ ಎಳೆದು, ಹಲ್ಲಿನ ಸಾಲು ಮುಗಿಯುವ ಜಾಗದಿಂದ ಗುಲಾಬಿ ಬಣ್ಣದ ಸಣ್ಣ ಬಿರಡೆಯೊಂದನ್ನು ಕಿತ್ತು ತೆಗೆದ. ಸೀಸೆಯ ಬಿರಡೆ ತೆಗೆದ ಹಾಗೆ. ಆಮೇಲೆ ಸಿರಿಂಜಿನಲ್ಲಿ ಫ್ಲಾಸ್ಕಿನ ನೀರು ಎಳೆದು ಅದರ ತುದಿಯನ್ನು ಆ ತೂತಿಗೆ ಇಟ್ಟು ಒತ್ತಿದ. ಒಂದು ಸಿರಿಂಜು, ಇನ್ನೊಂದು, ಮತ್ತೊಂದು. ಒಳಗೆ ಏನೋ ಬುಸುಗುಟ್ಟಿತು. ನೀರು ಉಗಿದ, ಬಿರಡೆ ತೊಳೆದ, ಮತ್ತೆ ದವಡೆಗೆ ಒತ್ತಿ ಮುಚ್ಚಿದ. ಎಲ್ಲ ನಿಧಾನವಾಗಿ, ಮಗುವಿಗೆ ಹಾಲು ಕುಡಿಸುವವರ ಹಾಗೆ.

ನಾನು ಬೈಕನ್ನು ಅಲ್ಲೇ ಬಿಟ್ಟು ಓಡಿದೆ.

ವೋಫಾ ಎಲ್ಲ ಕೇಳಿದರು. "ದವಡೆಯೊಳಗೆ ಏನೋ ಸಾಕಿದಾನೆ ವೋಫಾ, ಹಾವೇ ಇರ್ಬೇಕು. ಉಣಿಸ್ತಾನೆ. ನಾನೇ ಕಣ್ಣಾರೆ ನೋಡ್ದೆ" ಎಂದೆ. ಅವರು ಎದ್ದು ಎರಡು ಬಾಟಲಿಗಳನ್ನೂ ಮೇಜಿನಿಂದ ತೆಗೆದು ಬಾಗಿಲ ಪಕ್ಕಕ್ಕೆ ಇಟ್ಟರು. ವಾಪಸು ಹೋಗುವ ಸಾಮಾನು ಇಡುವ ಜಾಗ ಅದು. ಶನಿವಾರ ಗಂಡಿನವರು ಉತ್ತರ ಕೇಳಲು ಬರುವವರಿದ್ದರು. ಗುರುವಾರ ಅವನು ಗ್ಯಾರೇಜು ಮುಚ್ಚಿ ಎಲ್ಲಿಗೋ ಹೋಗುತ್ತಾನಂತೆ, ಶನಿವಾರದೊಳಗೆ ಅದು ಎಲ್ಲಿಗೆ ಎಂದು ಪತ್ತೆ ಮಾಡು, ಬಿರಾಗೊಗೆ ಒಂದಕ್ಷರವೂ ಗೊತ್ತಾಗಬಾರದು ಎಂದು ಹೇಳಿದರು. ಒಳಗೆ ಅಕ್ಕನ ಯಂತ್ರ ಕಟಕಟ ಓಡುತ್ತಿತ್ತು. ಅವಳು ಆಗಲೇ ಮದುವೆಯ ಬಟ್ಟೆಗೆ ಅಂಚು ಹಾಕುತ್ತಿದ್ದಳು. ಅದನ್ನು ನೋಡಿ ನನಗೆ ಮೊದಲ ಸಲ ತಮಾಷೆ ಅನ್ನಿಸಲಿಲ್ಲ.

ಗುರುವಾರ ಕಪ್ಪು ಕನ್ನಡಕ, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಅವನು ಹತ್ತಿದ ಟ್ರೋಟ್ರೋ ವ್ಯಾನಿಗೇ ಹತ್ತಿದೆ. ಕಂಡಕ್ಟರ್ ಹುಡುಗ, "ಏನ್ ಹೀರೋ, ವ್ಯಾನ್ ಒಳಗೂ ಬಿಸಿಲಾ?" ಎಂದು ಕೇಳಿದ. ಮುಂದಿನ ಸೀಟಿನಲ್ಲಿದ್ದ ಅನಾನೆ ಪುಣ್ಯಕ್ಕೆ ತಿರುಗಲಿಲ್ಲ.

ಇಳಿದದ್ದು ದೊಡ್ಡಾಸ್ಪತ್ರೆಯ ಹತ್ತಿರ. ಅನಾನೆ ನೇರ ಒಂದು ಓಣಿಗೆ ನುಗ್ಗಿದ. ಅಲ್ಲಿ ಬೆಂಚಿನ ಮೇಲೆ ಎಂಟು ಹತ್ತು ಜನ, ಎಲ್ಲರ ಕೆನ್ನೆಯ ಮೇಲೂ ಒಂದೊಂದು ಬಟ್ಟೆ. ಓಹೋ, ಒಬ್ಬನ ಕೆಲಸವಲ್ಲ ಇದು, ಸಂಘವೇ ಇದೆ ಅಂದುಕೊಂಡೆ. ಬೋರ್ಡು ಹಲ್ಲಿನ ವಿಭಾಗ ಎನ್ನುತ್ತಿತ್ತು, ನಿಜ. ಬೋರ್ಡನ್ನೆಲ್ಲ ನಂಬಿದರೆ ಪತ್ತೇದಾರಿ ಹೇಗೆ ನಡೆಯುತ್ತದೆ?

ಅವನನ್ನು ಒಳಗೆ ಕರೆದರು. ಬಾಗಿಲ ಸಂದಿಯಲ್ಲಿ ನೋಡಿದೆ. ಬೆಳಕಿನ ಹಲಗೆಯ ಮೇಲೆ ದವಡೆಯ ಎಕ್ಸ್‌ರೇ. ದವಡೆಯ ಮೂಲೆಯಲ್ಲಿ ಕೋಳಿಮೊಟ್ಟೆಯಂಥ ಕಪ್ಪು ಗುಂಡು. ಅದರ ತಳದಲ್ಲಿ ಬೆಳ್ಳಗೆ, ಅಡ್ಡಡ್ಡ ಮಲಗಿದ ಒಂದು ಹಲ್ಲು. ಮೊಟ್ಟೆಯೊಳಗೆ ಹಲ್ಲು. ನನ್ನ ಮೊಣಕಾಲು ಬಾಗಿಲಿಗೆ ಬಡಿಯಿತು, ಬಾಗಿಲು ತೆರೆದುಕೊಂಡಿತು, ನಾನು ಕನ್ನಡಕದ ಸಮೇತ ಒಳಗೆ ಬಿದ್ದೆ.

ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದ ಅನಾನೆಗೆ ಮಾತಾಡಲು ಆಗಲಿಲ್ಲ. ಕಣ್ಣು ಮಾತ್ರ ದೊಡ್ಡದಾಯಿತು. ನರ್ಸು ನನ್ನ ಕಿವಿ ಹಿಡಿದು ಎಬ್ಬಿಸಿದಳು. ಡಾಕ್ಟರ್ ಪಿನಮಾನ್ ಅನ್ನುವ ಹೆಂಗಸು, ಅಮ್ಮನ ವಯಸ್ಸಿನವರು, ಕೈಗವಸು ತೆಗೆಯುತ್ತ ನಾನು ಯಾರೆಂದು ಕೇಳಿದರು.

ನಾನು ಎದ್ದು ನಿಂತು, "ಸತ್ಯ ಹುಡ್ಕೊಂಡು ಬಂದೋನು" ಎಂದೆ.

"ಇದು ಹಲ್ಲು ಹುಡುಕೋ ಜಾಗ" ಎಂದರು ಅವರು.

ಅನಾನೆ ಎದ್ದು ಕೂತು, ಇವನು ಬಿರಾಗೊ ತಮ್ಮ, ಹೇಗೂ ನೋಡಿಬಿಟ್ಟ, ಎಲ್ಲ ಹೇಳಿಬಿಡಿ ಎಂದ. ಡಾಕ್ಟರು ಎರಡು ಸಲ ಅವನನ್ನೇ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ನನ್ನ ಕಡೆ ತಿರುಗಿದರು. ದವಡೆಯ ಮೂಳೆಯೊಳಗೆ ನೀರು ತುಂಬಿದ ಚೀಲ ಬೆಳೆದಿದೆ, ಅದಕ್ಕೆ ಸಿಸ್ಟ್ ಅನ್ನುತ್ತಾರೆ ಎಂದರು. ಕೆಲವು, ಹುಳುಕು ಹಿಡಿದು ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಬೆಳೆಯುತ್ತವಂತೆ. ಕೆಲವು, ಮೇಲೆ ಬರಬೇಕಾಗಿದ್ದು ಬರದೆ ಒಳಗೇ ಉಳಿದ ಹಲ್ಲಿನ ತಲೆಯ ಸುತ್ತ. ಅನಾನೆಯದು ಅದೇ, ಬುದ್ಧಿಹಲ್ಲಿನ ಸುತ್ತ. ವರ್ಷಗಟ್ಟಲೆ ನೋವೇ ಇರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಮೂಳೆ ಮೊಟ್ಟೆಯ ಸಿಪ್ಪೆಯಷ್ಟು ತೆಳುವಾಗಿರುತ್ತದೆ.

ಇನ್ನೊಂದು ಜಾತಿ ಇದೆಯಂತೆ, ಹಟಮಾರಿ. ಎಕ್ಸ್‌ರೇಯಲ್ಲಿ ನೋಡಲು ಇದರ ಹಾಗೇ ಇರುತ್ತದೆ, ತೆಗೆದರೂ ಮತ್ತೆ ಬರುತ್ತದೆ.

ಅಲ್ಲಿಗೆ ನನ್ನ ಅನುಮಾನ ಮತ್ತೆ ಎದ್ದು ಕೂತಿತು. "ಎರಡೂ ಒಂದೇ ಥರ ಕಾಣುತ್ತೆ ಅಂದ್ರೆ, ಇದು ಆ ಹಟಮಾರಿ ಅಲ್ಲ ಅಂತ ಏನ್ ಗ್ಯಾರಂಟಿ?"

ಡಾಕ್ಟರ್ ನಕ್ಕರು. ಕಲಿಯಲು ಬರುವ ಹುಡುಗರೂ ಇದನ್ನು ಕೇಳುವುದಿಲ್ಲ ಎಂದರು. ಮೊದಲು ಸೂಜಿ ಚುಚ್ಚಿ ಒಳಗಿನ ನೀರು ತೆಗೆದರಂತೆ, ತಿಳಿ ಹಳದಿ ಬಣ್ಣದ್ದು ಬಂತು. ಅಷ್ಟಕ್ಕೇ ನಂಬದೆ, ಚೀಲದ ಚರ್ಮದ ಒಂದು ಚೂರು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಿಸಿದರು. ಹಟಮಾರಿಯಲ್ಲ. ಕ್ಯಾನ್ಸರೂ ಅಲ್ಲ. ಒಂದೇ ಸಲಕ್ಕೆ ಕೆರೆದು ತೆಗೆಯಲು ಹೋಗಿದ್ದರೆ ದವಡೆ ಮುರಿಯಬಹುದಿತ್ತು, ತುಟಿಗೆ ಹೋಗುವ ನರಕ್ಕೆ ಪೆಟ್ಟಾಗಬಹುದಿತ್ತು. ಅದಕ್ಕೇ ಚೀಲಕ್ಕೆ ಒಂದು ಕಿಟಕಿ ಕೊರೆದು, ಬಿರಡೆ ಮಾಡಿಕೊಟ್ಟು, ದಿನಾ ಉಪ್ಪುನೀರಿನಲ್ಲಿ ತೊಳೆಯಲು ಹೇಳಿದ್ದಾರೆ. ಒಳಗಿನ ಒತ್ತಡ ಹೋದರೆ ಚೀಲ ತಾನಾಗಿ ಕುಗ್ಗುತ್ತದೆ, ಮೂಳೆ ತುಂಬಿಕೊಳ್ಳುತ್ತದೆ. ಸಣ್ಣದಾದ ಮೇಲೆ ಹಲ್ಲಿನ ಸಮೇತ ತೆಗೆಯುವುದು. ಅಲ್ಲಿಯವರೆಗೆ ಗಟ್ಟಿ ಏನೂ ಅಗಿಯಬಾರದು. ಮೊದಲಿನ ಎಕ್ಸ್‌ರೇಯನ್ನೂ ಪಕ್ಕದಲ್ಲಿಟ್ಟು ತೋರಿಸಿದರು. ಆಗ ಬಾತುಕೋಳಿಯ ಮೊಟ್ಟೆ, ಈಗ ಕೋಳಿಯದು.

"ಬರಬೇಕಾದ ಹಲ್ಲು ಬಂದಿಲ್ಲ, ಯಾರೂ ಕಿತ್ತೂ ಇಲ್ಲ ಅಂದ್ರೆ, ಅದು ಎಲ್ಲಿದೆ ಅಂತ ವಿಚಾರಿಸ್ಬೇಕಪ್ಪಾ" ಎಂದರು. "ಅನುಮಾನ ಪಡೋದಾದ್ರೆ ಅಲ್ಲಿ ಪಡು."

ಹೊರಗೆ ಬೆಂಚಿನ ಮೇಲೆ ಅನಾನೆ ನನ್ನ ಪಕ್ಕ ಕೂತ. ಮನೆಯವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿಮ್ಮ ವೋಫಾ ಗಂಡಿನ ಚಿಕ್ಕಪ್ಪನಿಗೆ ಮೂರ್ಛೆ ಬರುತ್ತದೆಂದೇ ಬಾಟಲಿ ವಾಪಸು ಕಳಿಸಿದವರು, ದವಡೆಯಲ್ಲಿ ತೂತಿರುವವನನ್ನು ಬಿಡುತ್ತಾರಾ ಎಂದ.

"ಸುಳ್ಳು ಹೇಳು ಅನ್ನಲ್ಲ ಕ್ವಾಕು. ಕಂಡಿದ್ದನ್ನ ಕಂಡ ಹಾಗೇ ಹೇಳು. ಸಿನಿಮಾದ ಹಾಗೆ ಹಾವು ಅಂತ ಮಾತ್ರ ಹೇಳ್ಬೇಡ."

ಅದನ್ನು ನಾನು ಆಗಲೇ ಹೇಳಿಯಾಗಿತ್ತು.

ಶನಿವಾರದ ಹೊತ್ತಿಗೆ ವೋಫಾಗೆ ಎಲ್ಲ ಬಿಡಿಸಿ ಹೇಳಿದ್ದೆ. ಹೇಳುವಷ್ಟು ಹೊತ್ತೂ ಒಳಗೆ ಅಕ್ಕನ ಯಂತ್ರ ನಿಂತಿತ್ತು. ಸಮಸ್ಯೆ ಏನೆಂದರೆ, ನಾನು ಹಾವು ಎಂದಾಗ ನಂಬಿದವರು ಹಲ್ಲು ಎಂದಾಗ ನಂಬಲಿಲ್ಲ. ನಿನಗೆ ಅವನು ಬೈಕ್ ಪುಕ್ಕಟೆ ರಿಪೇರಿ ಮಾಡಿಕೊಟ್ಟನಾ ಎಂದು ಕೇಳಿದರು. ಮಾಡಿಕೊಟ್ಟಿದ್ದ. ಅದು ಇನ್ನೂ ಕೆಟ್ಟದಾಯಿತು.

ಗಂಡಿನವರು ಬಂದು ಕೂತರು. ಬಾಗಿಲ ಪಕ್ಕದಲ್ಲಿದ್ದ ಬಾಟಲಿಗಳನ್ನು ನೋಡಿ ಅವರ ಮುಖ ಇಳಿಯಿತು. ವೋಫಾ ಕುಶಲ ಕೇಳಲಿಲ್ಲ. ಟಾರ್ಚ್ ಹಚ್ಚಿ, "ಬಾಯಿ ತೆಗಿ" ಎಂದರು.

ಅನಾನೆ ಎರಡೂ ಮನೆಯವರ ಮುಂದೆ ಬಾಯಿ ತೆರೆದ. ಬಿರಡೆ ಕಿತ್ತು ಅಂಗೈ ಮೇಲಿಟ್ಟ. ವೋಫಾ ಬಗ್ಗಿ ನೋಡಿದರು, ಆಮೇಲೆ ಅಮ್ಮ, ಅವಳ ಹಿಂದೆ ಅವನ ಕಡೆಯ ಹಿರಿಯರೂ ನೋಡಿದರು, ಅವರಿಗೂ ಅವನು ಹೇಳಿರಲಿಲ್ಲ. ಅಂಟುತ್ತದಾ, ಮಕ್ಕಳಿಗೆ ಬರುತ್ತದಾ, ವಂಶದಲ್ಲಿ ಯಾರಿಗಿತ್ತು ಎಂದು ವೋಫಾ ಒಂದೊಂದಾಗಿ ಕೇಳಿದರು. ಇಲ್ಲ, ಇಲ್ಲ, ಯಾರಿಗೂ ಇಲ್ಲ ಎಂದು ಅವನು ತೆರೆದ ಬಾಯಲ್ಲೇ ತಲೆಯಾಡಿಸಿದ.

ಆಗ ಬಿರಾಗೊ ಒಳಗಿನಿಂದ ಬಂದಳು. ಕೈಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅವಳು ಬಾಯೊಳಗೆ ನೋಡಲಿಲ್ಲ, ಅವನ ಕಣ್ಣನ್ನೇ ನೋಡಿದಳು.

"ನಿನ್ ದವಡೇಲಿ ತೂತಿದೆ ಅನ್ನೋದನ್ನ ನನ್ ತಮ್ಮ ತಗಡಿನ ತೂತಲ್ಲಿ ನೋಡಿ ಊರಿಗೆಲ್ಲ ಹೇಳ್ಬೇಕಿತ್ತಾ? ನಾನೇನು ಸತ್ತಿದ್ನಾ?"

ಅನಾನೆ ಬಿರಡೆ ಹಾಕಿಕೊಂಡ. "ನೀನು ಬೇಡ ಅಂದ್ಬಿಟ್ರೆ ಅಂತ ಹೆದರ್ದೆ."

"ಬೇಡ ಅನ್ನೋದಾದ್ರೆ ಮಾಂಸ ಬಿಟ್ಟು ಏಳ್ತಿದ್ದಾಗ್ಲೇ ಅಂತಿದ್ದೆ. ನಮ್ಮಮ್ಮ ಅದನ್ನ ಎಷ್ಟು ಹೊತ್ತು ಬೇಯಿಸ್ತಾಳೆ ಗೊತ್ತಾ?" ಎಂದು ವೋಫಾ ಕಡೆ ತಿರುಗಿ, ಈ ಬಾಟಲಿಗಳು ಬಾಗಿಲು ದಾಟಿದರೆ ತಾನೂ ಅವುಗಳ ಹಿಂದೆಯೇ ದಾಟುತ್ತೇನೆ ಎಂದಳು. ಯಾವ ಸಿನಿಮಾದಲ್ಲೂ ಯಾರೂ ಇಷ್ಟು ಮೆಲ್ಲಗೆ ಹೇಳಿ ಇಷ್ಟು ಹೆದರಿಸಿದ್ದನ್ನು ನಾನು ನೋಡಿಲ್ಲ.

ವೋಫಾ ಬಹಳ ಹೊತ್ತು ಟಾರ್ಚನ್ನು ಹಚ್ಚಿ ಆರಿಸಿ ಮಾಡಿದರು. ಕೊನೆಗೆ ಬಾಟಲಿಗಳನ್ನು ಎತ್ತಿ ಕಪಾಟಿನ ಮೇಲಿಟ್ಟರು. ತೆರೆಯುವುದೂ ಇಲ್ಲ, ಕಳಿಸುವುದೂ ಇಲ್ಲ. "ಆ ಹಲ್ಲು ಹೊರಗೆ ಬಂದ ದಿನ ನನ್ ಕೈಗೆ ತಂದ್ಕೊಡು. ಹಲ್ಲಾದ್ರೆ ಮದುವೆ. ಬೇರೇನಾದ್ರೂ ಆದ್ರೆ, ಅದನ್ನ ಇಟ್ಕೊಂಡು ನೀನೇ ಸಂಸಾರ ಮಾಡು."

ಬಾಟಲಿಗಳ ಮೇಲೆ ಧೂಳು ಕೂತಿತು. ಅಕ್ಕ ಪ್ರತಿ ಭಾನುವಾರ ಅವನ್ನು ಒರೆಸಿಟ್ಟಳು. ಮುಂದಿನ ಹಾರ್ಮಟಾನ್, ಅಂದರೆ ವರ್ಷದ ಕೊನೆಯ ಒಣ ಧೂಳುಗಾಳಿ, ಬೀಸುವ ಹೊತ್ತಿಗೆ ಕೆನ್ನೆ ಇಳಿದಿತ್ತು, ಆಪರೇಷನ್ ಮುಗಿದು, ಗಾಯ ಮಾಗಿ, ಇನ್ನು ಅಗಿಯಬಹುದು ಎಂದು ಡಾಕ್ಟರು ಹೇಳಿದ್ದರು. ಅನಾನೆ ಸಣ್ಣ ಗಾಜಿನ ಸೀಸೆಯಲ್ಲಿ ಹಲ್ಲು ತಂದ. ವೋಫಾ ಎಕ್ಸ್‌ರೇ ಕೇಳಿದರು, ಕಿಟಕಿಯ ಬಿಸಿಲಿಗೆ ಹಿಡಿದರು, ಹಲ್ಲನ್ನು ತಿರುಗಿಸಿ ತಿರುಗಿಸಿ ಚಿತ್ರದ ಜೊತೆ ಹೋಲಿಸಿದರು. ಬೇರು ಕೊಕ್ಕೆಯ ಹಾಗೆ ಬಾಗಿದ್ದು ಎರಡರಲ್ಲೂ ಒಂದೇ ಥರ ಇತ್ತು. ಆದರೂ ಮೂಸಿ ನೋಡಿದರು.

"ಹಲ್ಲೇ" ಎಂದರು, ಸ್ವಲ್ಪ ನಿರಾಸೆಯಿಂದ. ಬಾಟಲಿಯ ಮುಚ್ಚಳ ತಿರುಗಿತು.

ಅಮ್ಮ ಫುಫು ತಂದಳು. ಸಾರಿನಲ್ಲಿ ಆಡಿನ ಮಾಂಸ, ಎಲುಬಿನ ಸಮೇತ. ಇಡೀ ಮನೆ ಅವನ ದವಡೆಯನ್ನೇ ನೋಡುತ್ತಿತ್ತು. ಅವನು ಒಂದು ತುಂಡು ತೆಗೆದು, ಬಿರಾಗೊ ಕಡೆ ನೋಡಿ, ಎಡಗಡೆಗೆ ಹಾಕಿಕೊಂಡು ಅಗಿದ. ಬಾಯಿ ತೆರೆದು ನಕ್ಕ.

ನಾನೂ ನಗಬೇಕಿತ್ತು. ಆದರೆ ನನ್ನ ನಾಲಿಗೆ ಬಲಗಡೆಯ ಕೆಳದವಡೆಯ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಎಡಗಡೆ ಬುದ್ಧಿಹಲ್ಲು ಬಂದು ಬಹಳ ದಿನವಾಗಿತ್ತು. ಬಲಗಡೆ ಬರೀ ವಸಡು. ಬಂದಿಲ್ಲ, ಯಾರೂ ಕಿತ್ತೂ ಇಲ್ಲ. ನಾನು ಮೆಲ್ಲಗೆ ಕೆನ್ನೆ ಒತ್ತಿ ನೋಡಿಕೊಂಡೆ. ಆಮೇಲೆ ನನ್ನ ಬಟ್ಟಲಿನ ಮಾಂಸವನ್ನು ಅಂಚಿಗೆ ಸರಿಸಿದೆ.

ವೋಫಾ ಅದನ್ನು ನೋಡಿದರು. ಟಾರ್ಚು ಅವರ ಪಕ್ಕದಲ್ಲೇ ಇತ್ತು.

"ಗುರುವಾರ ನಾನು ಡಾಕ್ಟರಿಗೆ ತೋರಿಸ್ಕೊಳ್ಳೋಕೆ ಹೋಗ್ತಿದೀನಿ" ಎಂದು ಅನಾನೆ ನನ್ನ ಕಿವಿಯ ಹತ್ತಿರ ಹೇಳಿದ. "ಈ ಸಲ ಪಕ್ಕದ ಸೀಟಲ್ಲೇ ಕೂತ್ಕೊಂಡ್ ಬಾ."

"ಆಯ್ತು ಭಾವ" ಎಂದೆ, ಬಾಯಿ ಮುಚ್ಚಿಕೊಂಡೇ.